ಕೆರೆ ಸುತ್ತುವ ಹಠ ಬಿಡಿ, ಬೆಂಚು ಎಣಿಸಿ

ಮನೆಮಂದಿಯೆಲ್ಲ ಕೆರೆ ಪಾರ್ಕಿಗೆ ಹೊರಟಾಗ ಯಾರಾದರೊಬ್ಬರು ಹೇಳೇ ಹೇಳುತ್ತಾರೆ: 'ಪೂರ್ತಿ ಒಂದು ರೌಂಡ್ ಹೊಡೆದುಬಿಡೋಣ.' ಒಮ್ಮೆ ನಾನೂ ಹಾಗೇ ಹೇಳಿದ್ದೆ. ಜೊತೆಗೆ ಮಂಡಿ ನೋವಿನ ಅತ್ತೆ, ತಳ್ಳುಗಾಡಿಯಲ್ಲಿ ಒಂದು ಕೂಸು, ನಾಲ್ಕು ವರ್ಷದ ಇನ್ನೊಂದು. ಅರ್ಧ ಸುತ್ತು ಚೆನ್ನಾಗೇ ಹೋಯಿತು. ಅಲ್ಲಿಗೆ ಅತ್ತೆಯ ಕಾಲು ಹಿಡಿದುಕೊಂಡಿತು. ನಮ್ಮ ಗಾಡಿ ನಿಲ್ಲಿಸಿದ ಜಾಗ ನೀರಿನ ಆಚೆ ಕಣ್ಣಿಗೆ ಕಾಣುತ್ತಿದೆ. ಹಿಂದಕ್ಕೆ ಹೋದರೂ ಅಷ್ಟೇ ದೂರ, ಮುಂದಕ್ಕೆ ಹೋದರೂ ಅಷ್ಟೇ ದೂರ. ಬೇರೆ ಪಾರ್ಕಿನಲ್ಲಾದರೆ ನಡುವೆ ಎಲ್ಲಾದರೂ ನುಗ್ಗಿ ಬರಬಹುದು. ಇಲ್ಲಿ ನಡುವೆ ಇರೋದು ನೀರು!

ಅವತ್ತಿನಿಂದ ನಮ್ಮದು ಒಂದೇ ಲೆಕ್ಕ. ಮೊದಲ ಸಲ ಹೋಗುವ ಕೆರೆಗೆ ಸುತ್ತು ಹಾಕುವುದಿಲ್ಲ. ಒಂದು ದಡದಲ್ಲಿ ಸ್ವಲ್ಪ ದೂರ ಹೋಗಿ, ಅದೇ ದಾರಿಯಲ್ಲಿ ವಾಪಸ್. ನೋಡಿದ್ದನ್ನೇ ಮತ್ತೆ ನೋಡಬೇಕಲ್ಲ ಅಂತ ಬೇಸರ ಬೇಡ. ಬರುವಾಗ ಬಿಸಿಲು ಬೇರೆ ಕಡೆಯಿಂದ ಬೀಳುತ್ತೆ, ಹೋಗುವಾಗ ಕಾಣದ ಹಕ್ಕಿ ಕಾಣುತ್ತೆ.

ಹೊರಡುವ ಮುಂಚೆ ಪಾರ್ಕಿಗೆ ಒಂದು ಫೋನು

'ವೀಲ್‌ಚೇರ್ ಬರುತ್ತಾ?' ಅಂತ ಕೇಳಬೇಡಿ. 'ಓ, ಬರುತ್ತೆ' ಅನ್ನುತ್ತಾರೆ, ಅಷ್ಟೇ. ಬಿಡಿಸಿ ಕೇಳಿ. ಗೇಟಿನಿಂದ ನೀರಿನವರೆಗೆ ಎಲ್ಲಾದರೂ ಮೆಟ್ಟಿಲು ಇದೆಯಾ? ಗೇಟು ಪೂರ್ತಿ ತೆರೆಯುತ್ತಾ, ಇಲ್ಲ ಒಬ್ಬೊಬ್ಬರೇ ನುಸುಳಿ ಹೋಗುವಂಥದ್ದಾ? ಶೌಚಾಲಯ ಯಾವ ಗೇಟಿನ ಹತ್ತಿರ, ಇವತ್ತು ಬೀಗ ತೆಗೆದಿರುತ್ತಾ? ಈ ಕೊನೆಯ ಪ್ರಶ್ನೆಗೆ ಸಿಗುವ ಉತ್ತರದ ಮೇಲೇ ಯಾವ ಗೇಟಿನಿಂದ ಶುರು ಮಾಡಬೇಕು ಅನ್ನೋದನ್ನು ನಾನು ನಿರ್ಧರಿಸುತ್ತೇನೆ.

ಫೋನಿನ ಮ್ಯಾಪ್‌ನಲ್ಲಿ ಉಪಗ್ರಹದ ಚಿತ್ರವನ್ನೂ ಒಮ್ಮೆ ನೋಡಿ. ಮರದ ನೆರಳು ಎಲ್ಲಿ ದಟ್ಟವಾಗಿದೆ, ದಾರಿ ಎಲ್ಲಿ ಕಿರಿದಾಗುತ್ತೆ ಅನ್ನೋದು ಗೊತ್ತಾಗುತ್ತೆ. ಒಂದು ವೀಲ್‌ಚೇರ್ ಆರಾಮಾಗಿ ಸಾಗಲು ಸುಮಾರು 90 ಸೆಂಟಿಮೀಟರ್ ಅಗಲ ಬೇಕು. ತಿರುಗಿಸಿಕೊಳ್ಳಲು ಒಂದೂವರೆ ಮೀಟರ್ ಬೇಕು. ಇಳಿಜಾರಿಗೂ ಒಂದು ಅಳತೆ ಇದೆ. ಒಂದು ಅಡಿ ಏರಲು 12 ಅಡಿ ಉದ್ದವಾದರೂ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ತಳ್ಳುವವರಿಗೂ ಕಷ್ಟ, ಕೂತವರಿಗೂ ಭಯ.

ದೂರ ಎಷ್ಟು?

ದೊಡ್ಡವರು ಗಂಟೆಗೆ ನಾಲ್ಕೈದು ಕಿಲೋಮೀಟರ್ ನಡೆಯುತ್ತಾರೆ. ಆ ಲೆಕ್ಕ ಇಲ್ಲಿ ಮರೆತುಬಿಡಿ. ಮೂರು ವರ್ಷದ ಮಗುವಿಗೆ ಪ್ರತಿ ಕಲ್ಲೂ ಒಂದು ಸ್ಟಾಪು. ಹೋಗಿ ಬರುವುದು ಸೇರಿ ಒಂದು ಕಿಲೋಮೀಟರ್, ಒಂದು ಗಂಟೆ ಅಂದುಕೊಂಡರೆ ಯಾರಿಗೂ ಅವಸರ ಇರಲ್ಲ.

ಇನ್ನೂ ಒಳ್ಳೆಯ ಅಳತೆ ಬೆಂಚು. 'ಆ ಬೆಂಚಿನವರೆಗೆ ಹೋಗೋಣ, ಕೂತು ನೋಡೋಣ' ಅನ್ನಿ. ಪ್ರತಿ ಬೆಂಚಿನಲ್ಲೂ ಎಲ್ಲರಿಗಿಂತ ನಿಧಾನ ನಡೆಯುವವರನ್ನು ಕೇಳಿ. ಹುಷಾರು, ಅವರು ಸುಸ್ತಾಯ್ತು ಅನ್ನುವವರೆಗೆ ಕಾಯಬೇಡಿ. 'ಇನ್ನೊಂದು ಸ್ವಲ್ಪ ಹೋಗಬಹುದೇನೋ' ಅಂತ ಎಳೆದು ಹೇಳಿದರಲ್ಲ, ತಿರುಗಬೇಕಾದ ಹೊತ್ತು ಅದೇ. ವಾಪಸ್ ಬರುವ ದಾರಿಗೂ ಕಾಲಲ್ಲಿ ಬಲ ಉಳಿದಿರಬೇಕು, ಅಲ್ವಾ?

ಚಕ್ರ ಹೂತರೆ

ವೀಲ್‌ಚೇರ್‌ಗೆ ತೊಂದರೆ ಕೊಡುವುದು ಮುಂದಿನ ಪುಟ್ಟ ಚಕ್ರಗಳು. ಜಲ್ಲಿಯಲ್ಲೋ ಮರಳಿನಲ್ಲೋ ಅವು ಮೂಗು ತೂರಿಸಿ ನಿಂತುಬಿಡುತ್ತವೆ. ಇನ್ನಷ್ಟು ಜೋರಾಗಿ ತಳ್ಳಿದರೆ ಕೂತವರು ಮುಂದಕ್ಕೆ ಮುಗ್ಗರಿಸುತ್ತಾರೆ. ತಳ್ಳಬೇಡಿ. ಕುರ್ಚಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ, ದೊಡ್ಡ ಚಕ್ರ ಮೊದಲು ಹೋಗುವಂತೆ ಎಳೆಯಿರಿ. ಎಷ್ಟು ಸಲೀಸಾಗಿ ಬರುತ್ತೆ ನೋಡಿ. ಕಡಿದಾದ ಇಳಿಜಾರಿನಲ್ಲೂ ಹಾಗೇ. ಹಿಮ್ಮುಖವಾಗಿ ಮೆಲ್ಲಗೆ ಇಳಿಸಿ, ಕುರ್ಚಿಯ ಭಾರ ನಿಮ್ಮ ಮೈಗೆ ಆನಿಕೊಂಡಿರಲಿ. ಚರಂಡಿಯ ಕಬ್ಬಿಣದ ಜಾಲರಿ ಅಡ್ಡ ಬಂದರೆ ಅದರ ಸಂದಿಗಳಿಗೆ ಅಡ್ಡಲಾಗಿ ದಾಟಿಸಿ. ಸಂದಿಯ ಉದ್ದಕ್ಕೇ ಹೋದರೆ ಚಕ್ರ ಸಿಕ್ಕಿಕೊಳ್ಳುತ್ತೆ. ಏನೇ ಮಾಡುವ ಮುಂಚೆ ಕೂತವರಿಗೆ ಒಂದು ಮಾತು ಹೇಳಿ. ಸುಮ್ನೆ ಹಿಂದಿನಿಂದ ತಿರುಗಿಸಿದರೆ ಯಾರಿಗಾದರೂ ಗಾಬರಿಯೇ.

ನಿಂತಾಗ ಬ್ರೇಕು. ಕೆರೆ ದಂಡೆ ಸಮತಟ್ಟಾಗಿ ಕಂಡರೂ ಎಷ್ಟೋ ಕಡೆ ನೀರಿನ ಕಡೆಗೆ ಸ್ವಲ್ಪ ವಾಲಿರುತ್ತೆ. ತಳ್ಳುಗಾಡಿಗೂ ಇದು ಅನ್ವಯ.

ನೀರಿನ ಕಡೆ ಯಾರು?

'ಎಲ್ಲರೂ ಮಕ್ಕಳನ್ನು ನೋಡಿಕೊಳ್ಳೋಣ' ಅಂದರೆ ಯಾರೂ ನೋಡಿಕೊಳ್ಳುವುದಿಲ್ಲ. ಬೆಂಚಿನಿಂದ ಬೆಂಚಿಗೆ ಒಬ್ಬೊಬ್ಬರ ಸರದಿ ಮಾಡಿ. ಸರದಿ ಇದ್ದವರ ಫೋನು ಜೇಬಿನಲ್ಲಿರಲಿ. ಅವರು ನೀರಿನ ಕಡೆ ನಡೆಯಬೇಕು, ಮಗು ಕೈಗೆಟಕುವಷ್ಟು ಹತ್ತಿರ ಇರಬೇಕು. ನೀರಿಗೆ ಬಿದ್ದ ಮಗು ಕೂಗಿಕೊಳ್ಳುತ್ತೆ ಅಂತ ನಾವು ಅಂದುಕೊಂಡಿರುತ್ತೇವೆ. ಹೆಚ್ಚಿನ ಸಲ ಒಂದು ಸದ್ದೂ ಬರುವುದಿಲ್ಲ.

ನೀರಿನ ಮೇಲೆ ಹಸಿರು ಪೇಂಟ್ ಚೆಲ್ಲಿದ ಹಾಗೆ ಕೆನೆಗಟ್ಟಿದ್ದರೆ ಮಕ್ಕಳು, ನಾಯಿ ಯಾರೂ ಮುಟ್ಟದಿರಲಿ. ಅದು ವಿಷಕಾರಿ ಪಾಚಿ ಆಗಿರಬಹುದು. ಗುಡುಗು ಕೇಳಿಸಿದರೆ ಮರದ ಕೆಳಗೆ ನಿಲ್ಲದೆ ಕಟ್ಟಡಕ್ಕೋ ಕಾರಿಗೋ ಹೋಗಿ. ಕೊನೆಯ ಗುಡುಗಿನ ನಂತರವೂ 30 ನಿಮಿಷ ಅಲ್ಲೇ ಇರಿ.

ಕೂತು ನೋಡೋದು

ಒಂದು ಸಲ ನೀವೇ ಕುಕ್ಕರಗಾಲಲ್ಲಿ ಕೂತು ನೋಡಿ. ವೀಲ್‌ಚೇರ್‌ನಲ್ಲಿ, ತಳ್ಳುಗಾಡಿಯಲ್ಲಿ ಕೂತವರ ಕಣ್ಣಿನ ಎತ್ತರಕ್ಕೆ ಎಷ್ಟೋ ಕಡೆ ಕಾಣುವುದು ಬರೀ ಕಂಬಿ! ನಿಂತವರು 'ಆಹಾ' ಅಂತಿರುತ್ತಾರೆ, ಕೂತವರ ಮುಂದೆ ಕಬ್ಬಿಣದ ಅಡ್ಡಪಟ್ಟಿ. ಎರಡು ಹೆಜ್ಜೆ ಆಚೆ ಈಚೆ ಸರಿದರೆ ನೀರು ಕಾಣುವ ಸಂದಿ ಸಿಗುತ್ತೆ.

ಕಲ್ಲಿನ ಮೇಲೋ ಒಣಗಿದ ಕೊಂಬೆಯ ಮೇಲೋ ಕರಿಯ ಹಕ್ಕಿಯೊಂದು ರೆಕ್ಕೆ ಹರಡಿ ಅಲ್ಲಾಡದೆ ನಿಂತಿದ್ದರೆ, ಅದು ಬಹುಶಃ ನೀರುಕಾಗೆ. ನಮ್ಮ ಪುಟ್ಟ 'ಅದು ಬಟ್ಟೆ ಒಣಗಿಸ್ತಿದೆ' ಅಂದ. ತಪ್ಪೇನಿಲ್ಲ. ಅದರ ಗರಿ ನೀರು ಹೀರಿ ಒದ್ದೆಯಾಗುತ್ತೆ. ಅದರಿಂದಲೇ ಮುಳುಗಿ ಮೀನು ಹಿಡಿಯುವುದು ಸುಲಭ. ಆಮೇಲೆ ಹೀಗೆ ಒಣಗಿಸಿಕೊಳ್ಳಬೇಕು. ಬಾತುಕೋಳಿಗೆ ಆ ಕಷ್ಟವಿಲ್ಲ. ಬಾಲದ ಬುಡದಲ್ಲಿರುವ ಗ್ರಂಥಿಯಿಂದ ಎಣ್ಣೆ ತೆಗೆದು ಗರಿಗೆಲ್ಲ ಸವರಿಕೊಳ್ಳುತ್ತೆ. ಬಾತುಕೋಳಿಗೆ ಬ್ರೆಡ್ ಎಸೆಯಬೇಡಿ. ಅದಕ್ಕೆ ಹೊಟ್ಟೆ ತುಂಬುತ್ತೆ, ಪೌಷ್ಟಿಕಾಂಶ ಸಿಗಲ್ಲ. ಉಳಿದದ್ದು ನೀರಲ್ಲಿ ಕೊಳೆತು ಪಾಚಿ ಜಾಸ್ತಿ ಮಾಡುತ್ತೆ.

ಹೊರಡುವ ಹೊತ್ತಿಗೆ ನೆರಳಿರುವ ಬೆಂಚು ಯಾವುದು, ಜಲ್ಲಿ ಎಲ್ಲಿಂದ ಶುರು, ಎರಡು ಸಾಲು ಫೋನಿನಲ್ಲಿ ಬರೆದಿಟ್ಟುಕೊಳ್ಳಿ. ನಾವು ಮುಂದಿನ ಸಲ ಅದೇ ಕೆರೆಗೆ ಅವತ್ತಿನ ಗೇಟಿನಿಂದಲೇ ಹೋದೆವು. ನಾಲ್ಕು ಬೆಂಚು ನಡೆದು ಕೂತಾಗ ಅತ್ತೆ ನೀರಿನಾಚೆಗೆ ಕೈ ತೋರಿಸಿದರು. 'ಅಗೋ, ಅವತ್ತು ನಾವು ಕೂತಿದ್ದು ಅಲ್ಲೇ ಅಲ್ವೇನೇ?'