ದಿನದ ಓಡಾಟದ ಸೈಕಲಿಗೆ ಯಾವ ಬ್ರೇಕ್? ಕಾಸರಗೋಡಿನ ಮಳೆ, ಗುಡ್ಡೆಗಳಿಗೆ ತಕ್ಕ ಆಯ್ಕೆ

ಸೈಕಲ್ ಕೊಳ್ಳಲು ಹೋದವರು ಮೊದಲು ಕೇಳುವುದು ಡಿಸ್ಕ್ ಬ್ರೇಕ್ ಉಂಟಾ ಎಂದು. ಅದಕ್ಕಿಂತ ಮೊದಲು ನೋಡಬೇಕಾದ್ದು ರಿಮ್ಮನ್ನು. ಸಣ್ಣದೊಂದು ಅಯಸ್ಕಾಂತ ಜೇಬಿನಲ್ಲಿಟ್ಟುಕೊಂಡು ಹೋಗಿ, ಕಡ್ಡಿಗಳಿಗೆ ತಾಗದಂತೆ ರಿಮ್ಮಿನ ಬದಿಗೆ ಹಿಡಿಯಿರಿ. ಅಂಟಿಕೊಂಡರೆ ಅದು ಕ್ರೋಮ್ ಹಾಕಿದ ಉಕ್ಕು. ಅಂಟದಿದ್ದರೆ ಅಲ್ಯೂಮಿನಿಯಂ, ಅಂಗಡಿಯವರ ಮಾತಿನಲ್ಲಿ ಅಲಾಯ್. ರಬ್ಬರ್ ಬಂದು ರಿಮ್ಮನ್ನೇ ಹಿಡಿಯುವ ಯಾವ ಬ್ರೇಕಾದರೂ ಮಳೆಯಲ್ಲಿ ಅದರ ಹಣೆಬರಹ ತೀರ್ಮಾನವಾಗುವುದು ಇಲ್ಲಿ. ನುಣುಪಾದ ಕ್ರೋಮಿನ ಮೇಲೆ ನೀರು ಕೂತರೆ ಸಾಮಾನ್ಯ ರಬ್ಬರ್ ಜಾರುತ್ತಲೇ ಹೋಗುತ್ತದೆ. ಒಣ ರಸ್ತೆಯಲ್ಲಿ ನಿಲ್ಲುವುದಕ್ಕೆ ಬೇಕಾದ ದೂರದ ಹಲವು ಪಟ್ಟು ಬೇಕಾಗುತ್ತದೆ. ಅಲ್ಯೂಮಿನಿಯಂ ಕೂಡ ಒದ್ದೆಯಾದಾಗ ತುಸು ತಡವಾಗಿಯೇ ಹಿಡಿಯುತ್ತದೆ, ಆದರೆ ಚಕ್ರ ಒಂದೆರಡು ಸುತ್ತು ಬರುವಷ್ಟರಲ್ಲಿ ರಬ್ಬರ್ ನೀರನ್ನು ಒರೆಸಿ ಹಾಕುತ್ತದೆ, ಹಿಡಿತ ಬರುತ್ತದೆ.

ಕಾಸರಗೋಡಿನಲ್ಲಿ ವರ್ಷಕ್ಕೆ 3,000 ಮಿ.ಮೀ.ಗೂ ಮೀರಿ ಮಳೆ ಬೀಳುತ್ತದೆ, ಅದರ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ. ಬದಿಯಡ್ಕ, ಮುಳ್ಳೇರಿಯ, ಪೆರ್ಲದ ಕಡೆ ಮನೆಯಿಂದ ಡಾಮರು ರಸ್ತೆಗೆ ಬರುವ ದಾರಿಯೇ ಎಷ್ಟೋ ಕಡೆ ಮುರಕಲ್ಲಿನ ಕಡಿದಾದ ಇಳುಕಲು. ಕುಂಬಳೆ, ಮಂಜೇಶ್ವರದ ಕಡಲ ಬದಿಯಲ್ಲಿ ರಸ್ತೆ ಹೆಚ್ಚೂಕಡಿಮೆ ಸಮತಟ್ಟು. ಅಲ್ಲಿ ಕಾಟ ಹೊಯ್ಗೆಯದು, ಉಪ್ಪುಗಾಳಿಯದು. ಒಂದೇ ಜಿಲ್ಲೆಯಾದರೂ ಎರಡೂ ಕಡೆಗೆ ಒಂದೇ ಉತ್ತರ ಹೊಂದುವುದಿಲ್ಲ.

ರಾಡ್ ಬ್ರೇಕ್ ಮತ್ತು ಕ್ಯಾಲಿಪರ್

28 ಇಂಚಿನ ಹಳೆಯ ಕಪ್ಪು ಸೈಕಲಿನಲ್ಲಿ ಇರುವುದು ರಾಡ್ ಬ್ರೇಕ್. ಹ್ಯಾಂಡಲಿನಲ್ಲಿರುವ ಬ್ರೇಕಿನ ಹಿಡಿ ಒತ್ತಿದರೆ ಕಬ್ಬಿಣದ ಸರಳುಗಳ ಸಾಲು ಎಳೆದು, ರಬ್ಬರನ್ನು ರಿಮ್ಮಿನ ಒಳಮೈಗೆ, ಅಂದರೆ ಕಡ್ಡಿಗಳು ಏಳುವ ಕಡೆಗೆ, ಒತ್ತುತ್ತದೆ. ವಯರ್ ಇಲ್ಲದ ಕಾರಣ ತುಕ್ಕು ಹಿಡಿದು ಕಡಿಯುವ ಭಯವಿಲ್ಲ. ಚಕ್ರ ಎಡಬಲಕ್ಕೆ ತುಸು ಬೆಂಡಾಗಿದ್ದರೂ ಕೆಲಸ ಮಾಡುತ್ತದೆ. ಆದರೆ ಅದಕ್ಕೆ ಬರುವುದು ಉಕ್ಕಿನ ರಿಮ್ಮೇ. ಬೇಸಗೆಯಲ್ಲಿ ಪೇಟೆಗೆ ಹೋಗಿ ಬರಲು ಸಾಕು. ಹಿಂದಿನ ಕ್ಯಾರಿಯರಿನಲ್ಲಿ ಅಡಿಕೆ ಮೂಟೆ ಇಟ್ಟುಕೊಂಡು ಮಳೆಯಲ್ಲಿ ಗುಡ್ಡೆ ಇಳಿಯಲು ಇದನ್ನು ನಂಬಬಾರದು. ಈಗಾಗಲೇ ಇರುವವರು ರಬ್ಬರ್ ಗಟ್ಟಿಯಾಗಿ ಹೊಳಪು ಬಂದ ಕೂಡಲೇ ಬದಲಿಸಿ, ಸರಳುಗಳ ಕೀಲಿಗೆ ಮಾತ್ರ ಒಂದೊಂದು ಹನಿ ಎಣ್ಣೆ ಬಿಡಿ.

ಕ್ಯಾಲಿಪರ್ ಎಂದರೆ ಟಯರಿನ ಮೇಲ್ಗಡೆ ಒಂದೇ ಬೋಲ್ಟಿನಲ್ಲಿ ನೇತಾಡುವ ಇಕ್ಕಳ. ಮಕ್ಕಳ, ಹೆಂಗಸರ ಸೈಕಲುಗಳಲ್ಲಿ ಬರುವ ತೆಳು ತಗಡಿನ ಕ್ಯಾಲಿಪರನ್ನು ಗಟ್ಟಿಯಾಗಿ ಒತ್ತಿ ನೋಡಿ: ಅದರ ಕೈಗಳೇ ಬಾಗುವುದು ಕಣ್ಣಿಗೆ ಕಾಣುತ್ತದೆ. ನಿಮ್ಮ ಕೈಬಲದ ಒಂದು ಪಾಲು ಹೋಗುವುದು ಆ ಬಾಗುವಿಕೆಗೆ. ರೋಡ್ ಸೈಕಲುಗಳಲ್ಲಿ ಬರುವ ಎರಡು ಕೀಲಿನ ಅಲಾಯ್ ಕ್ಯಾಲಿಪರ್ ಬಹಳ ಒಳ್ಳೆಯ ಬ್ರೇಕ್, ಆದರೆ ದಪ್ಪ ಟಯರಿಗೆ, ಮಡ್‌ಗಾರ್ಡಿಗೆ ಜಾಗ ಬಿಡುವುದಿಲ್ಲ. ಇಲ್ಲಿಯ ಮಳೆಗಾಲಕ್ಕೆ ಮಡ್‌ಗಾರ್ಡ್ ಇಲ್ಲದ ಸೈಕಲ್ ಯಾಕಾದರೂ ಬೇಕು?

ವಿ-ಬ್ರೇಕ್

ದಿನದ ಓಡಾಟಕ್ಕೆ ನಮ್ಮ ಮೊದಲ ಆಯ್ಕೆ ಅಲ್ಯೂಮಿನಿಯಂ ರಿಮ್, ಅದರ ಮೇಲೆ ವಿ-ಬ್ರೇಕ್. ಶಿಮಾನೋ 1996ರಲ್ಲಿ ಇದನ್ನು ಮಾರುಕಟ್ಟೆಗೆ ತಂದಿತು. ಈಗ ಅಗ್ಗದ ಸೈಕಲುಗಳಲ್ಲೂ ಇದೆ. ಚಕ್ರವನ್ನು ಹಿಡಿದಿರುವ ಕವಲಿನ, ಅಂದರೆ ಫೋರ್ಕಿನ, ಎರಡು ಬದಿಯ ಗೂಟಗಳ ಮೇಲೆ ಉದ್ದದ ಎರಡು ಕೈಗಳು ನಿಂತಿರುತ್ತವೆ, ವಯರ್ ಬಾಗಿದ ಲೋಹದ ಕೊಳವೆಯೊಂದರ ಮೂಲಕ ಬಂದು ಎರಡನ್ನೂ ಅಡ್ಡಕ್ಕೆ ಎಳೆಯುತ್ತದೆ. ಬಲ ಚೆನ್ನಾಗಿದೆ, ಬಿಡಿಭಾಗ ಎಲ್ಲ ಪೇಟೆಯಲ್ಲೂ ಸಿಗುತ್ತದೆ, ಎಲ್ಲವೂ ಕಣ್ಣಿಗೆ ಕಾಣುವಂತಿರುವುದರಿಂದ ಮನೆಯಲ್ಲೇ ಸರಿಪಡಿಸಬಹುದು. ಬೇಕಾದ್ದು 5 ಮಿ.ಮೀ. ಅಲೆನ್ ಕೀ ಮತ್ತು ಸಣ್ಣ ಸ್ಟಾರ್ ಸ್ಕ್ರೂಡ್ರೈವರ್.

ಹೊಸ ರಬ್ಬರ್ ಹಾಕುವಾಗ ಮೊದಲು ಚಕ್ರದ ಬೆಂಡ್ ತೆಗೆಸಿ. ಬೆಂಡಿರುವ ಚಕ್ರಕ್ಕೆ ಬ್ರೇಕ್ ಸೆಟ್ ಮಾಡಲು ಹೊರಟರೆ ರಬ್ಬರನ್ನು ದೂರ ಇಡಲೇಬೇಕಾಗುತ್ತದೆ, ಆಮೇಲೆ ಹಿಡಿ ಹ್ಯಾಂಡಲಿಗೆ ಬಡಿಯುತ್ತದೆ. ಬಾಗಿದ ಕೊಳವೆಯನ್ನು ಅದರ ಕೊಕ್ಕೆಯಿಂದ ಬಿಡಿಸಿದರೆ ಕೈಗಳು ತೆರೆದುಕೊಳ್ಳುತ್ತವೆ. ರಬ್ಬರಿನ ಬೋಲ್ಟಿನಲ್ಲಿ ದಪ್ಪದ್ದೊಂದು, ತೆಳ್ಳಗಿನದ್ದೊಂದು ಬಟ್ಟಲು ವಾಷರ್ ಇರುತ್ತವೆ, ಬಿಚ್ಚುವಾಗಲೇ ಅವುಗಳ ಸಾಲು ನೋಡಿಟ್ಟುಕೊಳ್ಳಿ. ರಿಮ್ಮನ್ನು ಹಿಡಿದಾಗ ಎರಡು ಕೈಗಳು ನೆಟ್ಟಗೆ, ಹೆಚ್ಚೂಕಡಿಮೆ ಸಮಾನಾಂತರವಾಗಿ ನಿಲ್ಲಬೇಕು. ನಿಲ್ಲದಿದ್ದರೆ ದಪ್ಪ ವಾಷರ್ ಮತ್ತು ತೆಳು ವಾಷರನ್ನು ಒಳಕ್ಕೂ ಹೊರಕ್ಕೂ ಅದಲುಬದಲು ಮಾಡಿ.

ರಬ್ಬರ್ ಪೂರ್ತಿಯಾಗಿ ರಿಮ್ಮಿನ ಮೇಲೆಯೇ ಕೂರಬೇಕು, ಮೇಲಂಚು ಟಯರಿನಿಂದ ಒಂದು ಮಿ.ಮೀ. ಕೆಳಗೆ. ಕೂದಲೆಳೆಯಷ್ಟು ಟಯರಿಗೆ ತಾಗಿದರೂ ಕೆಲವೇ ವಾರಗಳಲ್ಲಿ ಟಯರಿನ ಬದಿ ಸವೆದು ನೂಲು ಕಾಣುತ್ತದೆ, ಒಂದು ದಿನ ಟ್ಯೂಬ್ ಒಡೆಯುತ್ತದೆ. ಹಾಗೆಂದು ಕೆಳಕ್ಕೆ ಇಳಿಸಲೂಬಾರದು. ವಿ-ಬ್ರೇಕಿನ ಕೀಲು ರಿಮ್ಮಿಗಿಂತ ಕೆಳಗಿರುವುದರಿಂದ ರಬ್ಬರ್ ಸವೆದಂತೆಲ್ಲ ಅದು ಹಿಡಿಯುವ ಜಾಗ ಕಡ್ಡಿಗಳ ಕಡೆಗೆ ಜಾರುತ್ತಾ ಬರುತ್ತದೆ. ತೀರಾ ಸವೆದ ರಬ್ಬರ್ ರಿಮ್ಮಿನ ಅಡಿಗೆ ನುಸುಳಿ ಕಡ್ಡಿಗೆ ಸಿಕ್ಕಿಕೊಳ್ಳುವುದೂ ಉಂಟು, ಮುಂದಿನ ಚಕ್ರದಲ್ಲಿ ಹಾಗಾದರೆ ಬೀಳದೆ ಗತಿಯಿಲ್ಲ. ರಬ್ಬರಿನ ಮೇಲಿರುವ ಗೀರುಗಳು ಮಾಯವಾಗುವ ಮೊದಲೇ ಬದಲಿಸಿ.

ರಬ್ಬರಿನ ಮುಂದಿನ ಅಂಚು ಹಿಂದಿನದಕ್ಕಿಂತ ಅರ್ಧದಿಂದ ಒಂದು ಮಿ.ಮೀ. ಮೊದಲು ರಿಮ್ಮಿಗೆ ತಾಗುವಂತೆ ತುಸು ಓರೆ ಇಡಿ. ಮುಂದಿನ ಅಂಚೆಂದರೆ ಸೈಕಲ್ ಓಡುವ ದಿಕ್ಕಿನದು. ರಬ್ಬರಿನ ಹಿಂದಿನ ತುದಿಗೆ ದಪ್ಪ ಕಾಗದವನ್ನು ಮಡಚಿ ಇಟ್ಟು, ಹಿಡಿ ಒತ್ತಿ ಹಿಡಿದು, ಬೋಲ್ಟ್ ಬಿಗಿ ಮಾಡಿದರೆ ಓರೆ ತಾನಾಗಿ ಸಿಗುತ್ತದೆ. ಕೀಂ ಎಂದು ಕಿರುಚುವ ಬ್ರೇಕುಗಳಲ್ಲಿ ಹೆಚ್ಚಿನವು ಇಷ್ಟರಲ್ಲೇ ಸುಮ್ಮನಾಗುತ್ತವೆ. ಆಮೇಲೆ ವಯರ್ ಎಳೆದು, ಎರಡೂ ಬದಿಗೆ ಸುಮಾರು ಒಂದೊಂದು ಮಿ.ಮೀ. ಎಡೆ ಬಿಟ್ಟು, ಬಿಗಿ ಮಾಡಿ. ಒಂದು ಬದಿಯ ರಬ್ಬರ್ ಮಾತ್ರ ಉಜ್ಜುತ್ತಿದ್ದರೆ ಆ ಕೈಯ ಬುಡದ ಸ್ಪ್ರಿಂಗ್ ಸ್ಕ್ರೂವನ್ನು ಕಾಲು ಸುತ್ತು ಬಿಗಿ ಮಾಡಿ, ಹಿಡಿಯನ್ನು ನಾಲ್ಕೈದು ಸಲ ಒತ್ತಿ ಬಿಟ್ಟು ಮತ್ತೆ ನೋಡಿ. ಕೊನೆಗೆ ಹಿಡಿಯನ್ನು ಗಟ್ಟಿಯಾಗಿ ಒತ್ತಿದಾಗ ಅದಕ್ಕೂ ಹ್ಯಾಂಡಲಿಗೂ ನಡುವೆ ಎರಡು ಬೆರಳು ಹೋಗುವಷ್ಟು ಜಾಗ ಉಳಿದಿರಬೇಕು.

ಹಿಡಿ ಬದಲಿಸುವಾಗ ಆಗುವ ಎಡವಟ್ಟೊಂದಿದೆ. ವಿ-ಬ್ರೇಕಿನ ಹಿಡಿ ಕ್ಯಾಲಿಪರಿನ ಹಿಡಿಗಿಂತ ಸುಮಾರು ಎರಡು ಪಟ್ಟು ವಯರ್ ಎಳೆಯುತ್ತದೆ. ನೋಡಲು ಒಂದೇ ಥರ ಕಾಣುವ ಕಾರಣ ಅಂಗಡಿಯಲ್ಲಿ ಯಾವುದೋ ಒಂದನ್ನು ಹಾಕಿಬಿಡುತ್ತಾರೆ. ಕ್ಯಾಲಿಪರಿನ ಹಿಡಿಯನ್ನು ವಿ-ಬ್ರೇಕಿಗೆ ಹಾಕಿದರೆ ರಬ್ಬರ್ ರಿಮ್ಮನ್ನು ಸರಿಯಾಗಿ ಹಿಡಿಯುವ ಮೊದಲೇ ಹಿಡಿ ಹ್ಯಾಂಡಲಿಗೆ ತಾಗುತ್ತದೆ. ವಿ-ಬ್ರೇಕಿನ ಹಿಡಿಯನ್ನು ಕ್ಯಾಲಿಪರಿಗೆ ಹಾಕಿದರೆ ಒತ್ತಲು ಕಲ್ಲಿನಷ್ಟು ಗಟ್ಟಿ, ಸೈಕಲ್ ಮಾತ್ರ ನಿಲ್ಲುವುದಿಲ್ಲ. ಯಾವ ಬ್ರೇಕಿಗೆಂದು ಹೇಳಿಯೇ ಹಿಡಿ ಕೇಳಿ.

ಡಿಸ್ಕ್: ಯಾರಿಗೆ, ಯಾವುದು

ಡಿಸ್ಕ್ ಬ್ರೇಕಿನಲ್ಲಿ ಎರಡು ಪ್ಯಾಡುಗಳು ಹಿಡಿಯುವುದು ರಿಮ್ಮನ್ನಲ್ಲ, ಚಕ್ರದ ನಡುವಿನ ಹಬ್‌ಗೆ ಕೂರಿಸಿದ ಲೋಹದ ತಟ್ಟೆಯನ್ನು, ಅಂದರೆ ರೋಟರನ್ನು. ಡಿಸ್ಕಿನ ದೊಡ್ಡ ಲಾಭ, ಅದು ಕೆಸರಿನಿಂದ ದೂರ, ಚಕ್ರದ ನಡುವಿನಲ್ಲಿದೆ. ಕೆಂಪು ಮಣ್ಣಿನ ದಾರಿಯಲ್ಲಿ ದಿನಾ ಓಡುವವರ ರಿಮ್ಮನ್ನು ಮಣ್ಣಿನ ಹರಳು ಅರದಂತೆ ತಿನ್ನುತ್ತದೆ. ಡಿಸ್ಕ್ ಇದ್ದರೆ ರಿಮ್ ಉಳಿಯುತ್ತದೆ. ಚಕ್ರ ತುಸು ಬೆಂಡಾದರೂ ಬ್ರೇಕಿಗೆ ತೊಂದರೆಯಿಲ್ಲ. ಪೊಸಡಿ ಗುಂಪೆಯಂಥ ಏರುತಗ್ಗಿನ ಬದಿಯಲ್ಲಿದ್ದು ಮಳೆಗಾಲದಲ್ಲೂ ಸೈಕಲ್ ಬಿಡದವರಿಗೆ ಡಿಸ್ಕ್ ಸರಿಯಾದ ಆಯ್ಕೆ. ಸಮತಟ್ಟು ರಸ್ತೆಯಲ್ಲಿ ಮೂರು ಕಿಲೋಮೀಟರ್ ಶಾಲೆಗೆ ಹೋಗುವ ಹುಡುಗಿಗೆ ಅದರ ಅಗತ್ಯವಿಲ್ಲ.

ಅಗ್ಗದ ಸೈಕಲುಗಳಲ್ಲಿ ಬರುವುದು ವಯರಿನ ಡಿಸ್ಕ್, ಅದೂ ಒಂದೇ ಬದಿಯ ಪ್ಯಾಡ್ ಸರಿಯುವಂಥದ್ದು. ಹೊರಗಿನ ಪ್ಯಾಡ್ ಬಂದು ರೋಟರನ್ನು ಬಾಗಿಸಿ, ಅಲುಗಾಡದ ಒಳಗಿನ ಪ್ಯಾಡಿಗೆ ಒತ್ತುತ್ತದೆ. ಆದ್ದರಿಂದ ಒಳಗಿನ ಪ್ಯಾಡ್ ರೋಟರಿಗೆ ತಾಗಿಯೂ ತಾಗದಂತೆ ಇರಬೇಕು. ಪ್ಯಾಡ್ ಸವೆದಂತೆ ಕಡ್ಡಿಗಳ ಕಡೆಯಿಂದ ಒಳಗಿನ ತಿರುಗುಬಿಲ್ಲೆಯನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಿ ಅದನ್ನು ಹತ್ತಿರ ತರಬೇಕು. ಇದನ್ನು ಬಿಟ್ಟು ವಯರನ್ನೇ ಎಳೆದು ಎಳೆದು ಬಿಗಿ ಮಾಡಿದರೆ ಕ್ಯಾಲಿಪರಿನ (ಡಿಸ್ಕಿನಲ್ಲಿ ಪ್ಯಾಡುಗಳನ್ನು ಹಿಡಿದಿರುವ ಭಾಗಕ್ಕೂ ಇದೇ ಹೆಸರು) ತೋಳು ಅರ್ಧ ದಾರಿಯಲ್ಲೇ ಶುರುವಾಗಿ ಬಲ ಕಳೆದುಕೊಳ್ಳುತ್ತದೆ. "ಡಿಸ್ಕ್ ಹಿಡಿಯುವುದಿಲ್ಲ" ಎಂಬ ದೂರಿನ ಹಿಂದೆ ಎಷ್ಟೋ ಸಲ ಇರುವುದು ಇದೇ.

ರೋಟರ್ ಉಜ್ಜುವ ಸದ್ದು ಬಂದರೆ ಕ್ಯಾಲಿಪರಿನ ಎರಡು ಬೋಲ್ಟುಗಳನ್ನು ಅರ್ಧ ಸುತ್ತು ಸಡಿಲಿಸಿ, ರೋಟರಿಗೂ ಒಳಗಿನ ಪ್ಯಾಡಿಗೂ ನಡುವೆ ಒಂದು ವಿಸಿಟಿಂಗ್ ಕಾರ್ಡ್ ತೂರಿಸಿ, ಹಿಡಿ ಒತ್ತಿಯೇ ಇಟ್ಟು ಎರಡೂ ಬೋಲ್ಟುಗಳನ್ನು ಸ್ವಲ್ಪ ಸ್ವಲ್ಪವಾಗಿ ಬಿಗಿ ಮಾಡಿ. ಪ್ಯಾಡಿನ ತಗಡಿನ ಮೇಲಿನ ಪದರ ಅರ್ಧ ಮಿ.ಮೀ.ಗೆ ಇಳಿದರೆ ಬದಲಿಸಬೇಕು. ಹೊಸ ಪ್ಯಾಡ್ ಮೊದಲ ದಿನವೇ ಹಿಡಿಯುವುದಿಲ್ಲ: ಬಯಲು ಜಾಗದಲ್ಲಿ ಸಾಧಾರಣ ವೇಗಕ್ಕೆ ತಂದು, ಚಕ್ರ ಕಚ್ಚದಂತೆ ನಡಿಗೆಯ ವೇಗಕ್ಕೆ ಇಳಿಸಿ, ಹೀಗೆ ಇಪ್ಪತ್ತು ಸಲ ಮಾಡಿ.

ಡಿಸ್ಕಿನ ಶತ್ರು ಎಣ್ಣೆ. ಚೈನಿಗೆ ಸ್ಪ್ರೇ ಹೊಡೆಯುವಾಗ ಹಾರುವ ಹನಿ, ತೆಂಗಿನೆಣ್ಣೆ ಮೆತ್ತಿದ ಬೆರಳು, ಇಷ್ಟು ಸಾಕು. ಪ್ಯಾಡ್ ಎಣ್ಣೆ ಕುಡಿದರೆ ಕಿರುಚಲು ಶುರುಮಾಡುತ್ತದೆ, ಹಿಡಿತ ಹೋಗುತ್ತದೆ. ರೋಟರನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿದ ಶುಭ್ರ ಬಟ್ಟೆಯಲ್ಲಿ ಒರೆಸಬಹುದು, ಪ್ಯಾಡನ್ನು ಬದಲಿಸುವುದೇ ಮೇಲು. ಗುಡ್ಡೆ ಇಳಿದ ಕೂಡಲೇ ರೋಟರ್ ಮುಟ್ಟಬೇಡಿ, ಕೈ ಸುಡುತ್ತದೆ.

ವಯರಿನ ಬದಲು ಎಣ್ಣೆಯ ಒತ್ತಡದಿಂದ ನಡೆಯುವ ಹೈಡ್ರಾಲಿಕ್ ಡಿಸ್ಕ್ ಒಂದು ಬೆರಳಿಗೆ ನಿಲ್ಲುತ್ತದೆ, ಪ್ಯಾಡ್ ಸವೆದರೂ ತಾನೇ ಹೊಂದಿಕೊಳ್ಳುತ್ತದೆ. ಆದರೆ ಒಳಗೆ ಗಾಳಿ ಸೇರಿ ಹಿಡಿ ಮೆತ್ತಗಾದರೆ ಬ್ಲೀಡ್ ಮಾಡಲು, ಅಂದರೆ ಆ ಗಾಳಿಯನ್ನು ಹೊರಹಾಕಲು, ಕಿಟ್ಟೂ ಸರಿಯಾದ ಎಣ್ಣೆಯೂ ಬೇಕು. ಸಣ್ಣ ಪೇಟೆಯಲ್ಲಿ ಸಿಗದೆ ಮಂಗಳೂರಿಗೆ ಹೋಗಬೇಕಾಗಬಹುದು. ಶಿಮಾನೋ ಬ್ರೇಕಿಗೆ ಮಿನರಲ್ ಆಯಿಲ್ ಮಾತ್ರ. ಬೈಕಿಗೆ ಹಾಕುವ ಡಾಟ್ ದ್ರವ ಹಾಕಿದರೆ ಒಳಗಿನ ಸೀಲುಗಳು ಹಾಳಾಗುತ್ತವೆ. ಚಕ್ರ ತೆಗೆದಾಗ ಹಿಡಿ ಒತ್ತಬಾರದು, ಪ್ಯಾಡುಗಳ ನಡುವೆ ರಟ್ಟಿನ ತುಂಡು ಇಡಿ.

ಹಳೆಯ ಸೈಕಲಿಗೆ ಡಿಸ್ಕ್ ಕೂರಿಸಿಕೊಡಿ ಎಂದು ಕೇಳುವವರಿದ್ದಾರೆ. ಅದಕ್ಕಾಗಿ ಮಾಡಿದ ಹಬ್, ಫೋರ್ಕ್, ಫ್ರೇಮ್ ಇಲ್ಲದೆ ಅದು ಆಗದು. ಬೇರೆ ಫೋರ್ಕಿಗೆ ತಗಡು ವೆಲ್ಡ್ ಮಾಡಿಸಿ ಕೂರಿಸುವುದು ಅಪಾಯ. ಡಿಸ್ಕ್ ಎಳೆಯುವ ಬಲವೆಲ್ಲ ಫೋರ್ಕಿನ ಒಂದೇ ಕಾಲಿನ ಬುಡಕ್ಕೆ ಬೀಳುತ್ತದೆ, ಅದು ಮುರಿಯಬಹುದು.

ಹಬ್ಬಿನೊಳಗೇ ಕೂರುವ ಡ್ರಮ್ ಬ್ರೇಕ್ ಮಳೆಗೆ ಹೇಳಿ ಮಾಡಿಸಿದ್ದು, ನೀರು ಒಳಗೆ ಹೋಗುವುದೇ ಕಷ್ಟ. ಭಾರ ಹೆಚ್ಚು, ಇಲ್ಲಿ ಸಿಗುವುದೂ ಅಪರೂಪ.

ಮೇ ತಿಂಗಳ ಕೆಲಸ

ಕಡಲ ಬದಿಯವರು ಮಳೆಗೆ ಮೊದಲೇ ವಯರ್ ನೋಡಿ. ಹಿಡಿಯೊಳಗೆ ವಯರಿನ ಉಂಡೆ ಕೂರುವ ಜಾಗದಲ್ಲಿ ಒಂದು ಎಳೆ ಕಡಿದಿದ್ದರೂ ಬದಲಿಸಿ, ಉಳಿದ ಎಳೆಗಳು ಹೆಚ್ಚು ಕಾಲ ತಾಳುವುದಿಲ್ಲ. ಸ್ಟೇನ್‌ಲೆಸ್ ವಯರ್ ಕೇಳಿ ಹಾಕಿಸಿ. ಬ್ರೇಕಿನ ವಯರ್ ಗೇರಿನದಕ್ಕಿಂತ ದಪ್ಪ. ಗೇರಿನ ವಯರನ್ನು ಬ್ರೇಕಿಗೆ ಹಾಕಲೇಬೇಡಿ. ಹೊರಕೊಳವೆ ಬಾಗಿ ಕೆಳಗಿಳಿಯುವ ಜಾಗದಲ್ಲಿ ನೀರು ನಿಂತು ಒಳಗೇ ತುಕ್ಕು ಹಿಡಿಯುತ್ತದೆ. ಅಲ್ಲಿ ವಯರ್ ಬಿಗಿಯಾಗಿ ಓಡಿದರೆ ಕೊಳವೆಯನ್ನೂ ಸೇರಿಸಿ ಹೊಸತು ಹಾಕಿ.

ರಿಮ್ ಬ್ರೇಕಿನವರು ವಾರಕ್ಕೊಮ್ಮೆ ರಬ್ಬರನ್ನು ಬೆಳಕಿಗೆ ಹಿಡಿದು ನೋಡಿ. ಹೊಯ್ಗೆಯ ಕಾಳು, ರಿಮ್ಮಿನಿಂದ ಕಿತ್ತುಬಂದ ಹೊಳೆಯುವ ಚೂರು ಒಳಗೆ ನಾಟಿಕೊಂಡಿದ್ದರೆ ಸೂಜಿಯಿಂದ ಕೀಳಿ, ಎಮರಿ ಪೇಪರಿನಲ್ಲಿ ಮೇಲ್ಮೈ ತುಸು ಉಜ್ಜಿ. ರಿಮ್ಮನ್ನು ಸೋಪುನೀರಿನಲ್ಲಿ ತೊಳೆಯಿರಿ. ರಿಮ್ಮಿನ ಬದಿ ಬೆರಳಿಗೆ ಒಳಕ್ಕೆ ತಗ್ಗಾದಂತೆ ಸಿಕ್ಕಿದರೆ, ಅಥವಾ ಸವೆತ ತೋರಿಸುವ ಗೀರು ಅಳಿಸಿಹೋಗಿದ್ದರೆ, ರಿಮ್ಮಿನ ಆಯುಸ್ಸು ಮುಗಿದಿದೆ.

ಹಿಡಿಯುವ ರೀತಿ

ಒಣ ಡಾಮರಿನಲ್ಲಿ ಹೆಚ್ಚು ನಿಲ್ಲಿಸುವುದು ಮುಂದಿನ ಬ್ರೇಕ್, ಏಕೆಂದರೆ ವೇಗ ಇಳಿಯುವಾಗ ಭಾರವೆಲ್ಲ ಮುಂದಕ್ಕೆ ಬೀಳುತ್ತದೆ, ಹಿಂದಿನ ಚಕ್ರ ಹಗುರಾಗಿ ಬೇಗ ಜಾರುತ್ತದೆ. ಮುಂದಿನದನ್ನು ಮುಟ್ಟಲೇ ಹೆದರುವವರು ಅರ್ಧ ಬ್ರೇಕಿನಲ್ಲಿ ಓಡಿಸಿದಂತೆ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಂತಹಂತವಾಗಿ ಒತ್ತಿ, ಸೊಂಟ ಹಿಂದಕ್ಕೆ ತನ್ನಿ. ಪಾಚಿ ಹಿಡಿದ ಮುರಕಲ್ಲು, ಕೆಸರು, ಹೆದ್ದಾರಿ 66ರ ಸರ್ವೀಸ್ ರಸ್ತೆಯ ಜಲ್ಲಿ ಹುಡಿ ಇರುವಲ್ಲಿ ಮಾತ್ರ ಹಿಂದಿನದರ ಮೇಲೆ ಭಾರ ಹಾಕಿ, ವೇಗವನ್ನು ಮೊದಲೇ ಇಳಿಸಿಕೊಳ್ಳಿ. ಮಳೆಯಲ್ಲಿ ಇಳುಕಲು ಶುರುವಾಗುವ ಮುಂಚೆಯೇ ಹಿಡಿಯನ್ನು ಹಗುರಾಗಿ ಒತ್ತಿ ರಿಮ್ಮಿನ ನೀರು ಒರೆಸಿ.

ಹೊರಡುವ ಮೊದಲು ಮುಂದಿನ ಬ್ರೇಕ್ ಒತ್ತಿ ಸೈಕಲನ್ನು ಮುಂದಕ್ಕೆ ತಳ್ಳಿ: ಹಿಂದಿನ ಚಕ್ರ ಮೇಲೇಳಬೇಕು. ಹಿಂದಿನದನ್ನು ಒತ್ತಿ ತಳ್ಳಿ: ಟಯರ್ ಉರುಳದೆ ಎಳೆದುಕೊಂಡು ಬರಬೇಕು. ಬೇರೆಯವರ ಸೈಕಲ್ ಹತ್ತುವಾಗಲಂತೂ ಬಲಗೈಯದು ಮುಂದಿನ ಬ್ರೇಕೋ ಹಿಂದಿನದೋ ಎಂದು ಹೀಗೆಯೇ ತಿಳಿದುಕೊಂಡು ಪೆಡಲಿಗೆ ಕಾಲಿಡಿ.