ಜಪಸರ ಹೇಳುವುದು ಹೀಗೆ, ಓಡಿಸದೆ

ಅಕ್ಟೋಬರ್ ಬಂತೆಂದರೆ ಕ್ಯಾಥೊಲಿಕರ ಮನೆಗಳಲ್ಲಿ ಸಂಜೆ ಜಪಸರದ (ರೋಸರಿ), ಅಂದರೆ ಮಣಿ ಎಣಿಸುತ್ತಾ ಹೇಳುವ ಪ್ರಾರ್ಥನೆಯ ಸದ್ದು. ನೆರೆಹೊರೆಯವರು ಸೇರುತ್ತಾರೆ, ಒಬ್ಬರು ಮುಂದೆ ಹೇಳಿಕೊಡುತ್ತಾರೆ, ಉಳಿದವರು ಉತ್ತರಿಸುತ್ತಾರೆ. ಕೆಲವು ಮನೆಗಳಲ್ಲಿ ಹತ್ತೇ ನಿಮಿಷಕ್ಕೆ ಎಲ್ಲಾ ಮುಗಿದು ಚಹಾ ಬಂದಿರುತ್ತದೆ. 53 ಸಲ ‘ನಮೋ ಮರಿಯಾ’ ಪ್ರಾರ್ಥನೆ, ಹತ್ತು ನಿಮಿಷ! ಮಾತೆ ಮರಿಯಳಿಗೆ ಕೇಳಿಸೀತೇನೋ, ಪಕ್ಕದಲ್ಲಿ ಕೂತವರಿಗಂತೂ ಒಂದಕ್ಷರವೂ ತಿಳಿಯುವುದಿಲ್ಲ.

ಮೊದಲು ಸರ. ಕೊಳ್ಳುವಾಗ ಮಣಿ ಎಣಿಸಿ. ಒಟ್ಟು 59 ಇರಬೇಕು. ಹಬ್ಬದ ಅಂಗಡಿಗಳಲ್ಲಿ ಸಿಗುವ ಅಗ್ಗದ ಪ್ಲಾಸ್ಟಿಕ್ ಸರಗಳಲ್ಲಿ ಒಂದು ದಶಕಕ್ಕೆ, ಅಂದರೆ ಹತ್ತು ನಮೋ ಮರಿಯಾ ಹೇಳುವ ಹತ್ತು ಮಣಿಗಳ ಗುಂಪಿಗೆ, ಒಂಬತ್ತೇ ಮಣಿ ಇರುವುದುಂಟು. ತಂತಿಯ ಕೊಂಡಿ ಎರಡೇ ದಿನಕ್ಕೆ ಬಿಚ್ಚಿಕೊಳ್ಳುತ್ತದೆ. ಗಟ್ಟಿ ದಾರದಲ್ಲಿ ಪೋಣಿಸಿದ ಮರದ ಮಣಿಯೇ ವಾಸಿ. ಕತ್ತಲಲ್ಲಿ ಹೊಳೆಯುವ ಸರ ಮಕ್ಕಳಿಗಿರಲಿ.

ಶುರು ಮಾಡುವುದು ಸುಲಭ. ಶಿಲುಬೆ ಹಿಡಿದು ನಂಬಿಕೆಯ ಸಾರ ಹೇಳುವ ವಿಶ್ವಾಸ ಸಂಗ್ರಹ, ನಂತರ ಯೇಸು ಕಲಿಸಿದ ಪರಲೋಕ ಪ್ರಾರ್ಥನೆ ಒಂದು, ಮೂರು ನಮೋ ಮರಿಯಾ, ಒಂದು ತ್ರಿತ್ವ ಸ್ತುತಿ.

ಆಮೇಲೆ ಆ ದಿನದ ರಹಸ್ಯಗಳು, ಅಂದರೆ ಯೇಸು ಮತ್ತು ಮರಿಯಳ ಬಾಳಿನ ಐದು ಘಟನೆಗಳು, ದಶಕಕ್ಕೊಂದು. ಸೋಮವಾರ, ಶನಿವಾರ ಸಂತೋಷದವು. ಮಂಗಳವಾರ, ಶುಕ್ರವಾರ ದುಃಖದವು. ಬುಧವಾರ, ಭಾನುವಾರ ಮಹಿಮೆಯವು. ಗುರುವಾರ ಬೆಳಕಿನ ರಹಸ್ಯಗಳು. ಇವನ್ನು ಎರಡನೇ ಜಾನ್ ಪಾಲ್ ಪೋಪ್ 2002ರಲ್ಲಿ ಸೇರಿಸಿದರು. ಹಳೇ ಪ್ರಾರ್ಥನಾ ಪುಸ್ತಕದಲ್ಲಿ ಹುಡುಕಿ ಸುಸ್ತಾಗಬೇಡಿ, ಅಲ್ಲಿರುವುದಿಲ್ಲ.

ಈಗ ಎಲ್ಲರೂ ಎಡವುವ ಜಾಗ: ದಶಕ. ರಹಸ್ಯದ ಹೆಸರು ಹೇಳಿದ ಕೂಡಲೇ ಪರಲೋಕ ಪ್ರಾರ್ಥನೆಗೆ ಹಾರಬೇಡಿ. ಸ್ವಲ್ಪ ಸುಮ್ನಿರಿ. ಮರಿಯಳು ಎಲಿಜಬೆತಳನ್ನು ಕಾಣಲು ಹೋದ ರಹಸ್ಯವಾದರೆ ಲೂಕನ ಶುಭಸಂದೇಶದ ಮೊದಲ ಅಧ್ಯಾಯದ ನಾಲ್ಕು ಸಾಲು ಓದಿ. ಗುಡ್ಡದ ದಾರಿ, ಬಸುರಿ ಹುಡುಗಿ, ಬಾಗಿಲಲ್ಲಿ ನಿಂತ ವಯಸ್ಸಾದ ನೆಂಟಳು. ಇಷ್ಟು ಕಣ್ಣ ಮುಂದೆ ಬಂದರೆ ಸಾಕು. ಹತ್ತು ನಮೋ ಮರಿಯಾ ಮುಗಿಯುವವರೆಗೂ ಮನಸ್ಸು ಅಲ್ಲೇ ಓಡಾಡಲಿ. ಬಾಯಿಗೆ ಮಾತು, ಬೆರಳಿಗೆ ಮಣಿ, ಮನಸ್ಸಿಗೆ ಈ ದೃಶ್ಯ. ಧ್ಯಾನವಿಲ್ಲದ ಜಪಸರ ಆತ್ಮವಿಲ್ಲದ ದೇಹ ಅಂತ ಆರನೇ ಪಾಲ್ ಪೋಪ್ 1974ರಲ್ಲೇ ಬರೆದಿದ್ದಾರೆ.

ಇನ್ನು ನಮೋ ಮರಿಯಾ. ಇದರಲ್ಲಿ ಎರಡು ಭಾಗ. ಮೊದಲನೆಯದು ಗಬ್ರಿಯೇಲ ದೂತ ಮತ್ತು ಎಲಿಜಬೆತ್ ಮರಿಯಳಿಗೆ ಹೇಳಿದ ಮಾತು. ಎರಡನೆಯದು ‘ಸಂತ ಮರಿಯಾ’ ಎಂದು ಶುರುವಾಗುವ ನಮ್ಮ ಬೇಡಿಕೆ. ಎರಡೂ ಕೂಡುವಲ್ಲಿ ಯೇಸುವಿನ ಹೆಸರಿದೆ. ಜನ ನುಂಗುವುದು ಸರಿಯಾಗಿ ಅದನ್ನೇ! ಮುಂದೆ ಹೇಳುವವರು ಆ ಹೆಸರಿಗೆ ಬರುವ ಮೊದಲೇ ಉಳಿದವರು ‘ಸಂತ ಮರಿಯಾ’ ಅಂತ ಶುರು ಮಾಡಿಬಿಡುತ್ತಾರೆ. ಎರಡು ದನಿ ಒಂದರ ಮೇಲೊಂದು ಬಿದ್ದು ಗದ್ದಲವಾಗುತ್ತದೆ. ಇದಕ್ಕೆ ಮದ್ದಿದೆ. ಯೇಸುವಿನ ಹೆಸರು ಹೇಳಿ ಉಸಿರೆಳೆದುಕೊಳ್ಳಿ, ಆಮೇಲೆ ಉತ್ತರ ಬರಲಿ. ಜರ್ಮನ್ ಮಾತಾಡುವ ಊರುಗಳಲ್ಲಿ ಆ ಹೆಸರಿನ ಜೊತೆಗೆ ರಹಸ್ಯಕ್ಕೆ ತಕ್ಕ ಒಂದು ಮಾತನ್ನೂ ಸೇರಿಸುತ್ತಾರೆ. ಆಗ ಓಡಿಸಲು ಆಗುವುದೇ ಇಲ್ಲ. ನಾವೂ ಮಾಡಬಹುದಲ್ವಾ?

ಮೊಬೈಲಿನಲ್ಲಿ ಜಪಸರ ಹಾಕಿಟ್ಟು ಅಡುಗೆ ಮಾಡುತ್ತಾ ಕೇಳುವವರಿದ್ದಾರೆ. ಹಾಸಿಗೆ ಹಿಡಿದವರಿಗೆ ಅದು ಆಸರೆ, ಸರಿ. ಮನೆ ತುಂಬ ಜನ ಇರುವಾಗ ಯಂತ್ರಕ್ಕೆ ಏಕೆ ಬಿಡಬೇಕು? ಮಕ್ಕಳಿಗೆ ಒಂದೊಂದು ದಶಕ ವಹಿಸಿ. ಎಣಿಕೆ ತಪ್ಪಿದರೆ ಹಿಂದಕ್ಕೆ ಹೋಗಬೇಡಿ, ಮುಂದುವರಿಸಿ. ಐದೂ ದಶಕಕ್ಕೆ ಹೊತ್ತಿಲ್ಲವೇ? ಒಂದೇ ದಶಕವನ್ನು ನಿಧಾನವಾಗಿ ಹೇಳಿ.

‘ನೀವು ಮರಿಯಳನ್ನೇ ದೇವರೆಂದು ಪೂಜಿಸುತ್ತೀರಾ?’ ಎಂದು ಅತಿಥಿಗಳು ಕೇಳಿಯೇ ಕೇಳುತ್ತಾರೆ. ಇಲ್ಲ. ಆರಾಧನೆ ದೇವರಿಗೆ ಮಾತ್ರ ಎಂಬುದು ಧರ್ಮಸಭೆಯ ಬೋಧನೆ. ಮರಿಯಳಿಗೆ ಸಂತರೆಲ್ಲರಿಗಿಂತ ಹೆಚ್ಚಿನ ಗೌರವ, ಅಷ್ಟೇ. 431ರಲ್ಲಿ ಎಫೆಸದಲ್ಲಿ ಸೇರಿದ ಧರ್ಮಾಧ್ಯಕ್ಷರ ಮಹಾಸಭೆ ಅವಳನ್ನು ದೇವಮಾತೆ ಎಂದು ಕರೆದಿದ್ದು ಹುಟ್ಟಿದ ಮಗು ದೇವರೇ ಎಂದು ಹೇಳಲಿಕ್ಕಾಗಿ. ನಾವು ಅವಳಲ್ಲಿ ಕೇಳುವುದು ‘ನಮಗಾಗಿ ಪ್ರಾರ್ಥಿಸಿ’ ಎಂದು.

ಐದು ದಶಕವಾದ ಮೇಲೆ ‘ರಾಣಿಯೇ’ ಪ್ರಾರ್ಥನೆ. ಬೇಕಿದ್ದರೆ ಮರಿಯಳ ಬಿರುದುಗಳನ್ನು ಒಂದೊಂದಾಗಿ ಹೇಳುವ ಲೊರೆಟೊ ಸ್ತುತಿಮಾಲೆ. ದಿನಾ ಹೇಳಿದರೆ ಮಕ್ಕಳು ತೂಕಡಿಸುತ್ತಾರೆ, ಶನಿವಾರಕ್ಕಿಟ್ಟುಕೊಳ್ಳಿ. ಪುಸ್ತಕ ಹಳೆಯದಾದರೆ 2020ರಲ್ಲಿ ಫ್ರಾನ್ಸಿಸ್ ಪೋಪ್ ಸೇರಿಸಿದ ಮೂರು ಹೆಸರನ್ನು ಅಂಚಿನಲ್ಲಿ ಪೆನ್ಸಿಲಿನಿಂದ ಬರೆದಿಡಿ: ಕರುಣೆಯ ಮಾತೆ, ಭರವಸೆಯ ಮಾತೆ, ವಲಸಿಗರಿಗೆ ಸಾಂತ್ವನ.