ನಲ್ಲಿ ನೀರಲ್ಲೇ ಗಪ್ಪಿ ಸಾಕಿದ್ದು: ನನ್ನ ಅನುಭವ

"ಅಕ್ಕಾ, ತುಮಕೂರಿನ ನಲ್ಲಿ ನೀರಲ್ಲಿ ಗಪ್ಪಿ ನಿಲ್ಲಲ್ಲ, ಸುಮ್ನೆ ದುಡ್ಡು ಕಳೀಬೇಡಿ" ಅಂದಿದ್ದರು ನಮ್ಮ ಮೀನಿನ ಅಂಗಡಿಯವರು. ಗಪ್ಪಿ ಅಂದರೆ ಬಣ್ಣದ ಬಾಲದ ಪುಟ್ಟ ಅಕ್ವೇರಿಯಂ ಮೀನು. ಈಗ ಅವರೇ ತಿಂಗಳಿಗೆ ಹತ್ತಿರ ಹತ್ತಿರ 150 ಜೋಡಿ ನನ್ನಿಂದ ತಗೊಳ್ಳುತ್ತಾರೆ. ಅದಕ್ಕೇ ಬರೆಯಲು ಕೂತೆ. ಸ್ವಲ್ಪ ಜಂಬ ಕಂಡರೆ ಹೊಟ್ಟೆಗೆ ಹಾಕಿಕೊಳ್ಳಿ.

ನನ್ನದು ತಾರಸಿ ಮೇಲಿನ ವ್ಯವಹಾರ. ಮೀನು ಬಿಡಲು ಗುಜರಿಯಿಂದ ತಂದ ಹಳೇ ಫ್ರಿಜ್ ಡಬ್ಬ 9, ಎರಡು ಸಿಮೆಂಟ್ ತೊಟ್ಟಿ, 200 ಲೀಟರಿನ ನೀಲಿ ಡ್ರಮ್ ನಾಲ್ಕು. ನಲ್ಲಿಯಲ್ಲಿ ಬರುವುದು ಬುಗುಡನಹಳ್ಳಿ ಕೆರೆಗೆ ತುಂಬಿಸಿ ಶುದ್ಧ ಮಾಡಿದ ಹೇಮಾವತಿ ನೀರು. ಕುಡಿಯುವ ನೀರಲ್ಲಿ ಕ್ಲೋರಿನ್ ಇರಲೇಬೇಕು, ಅದರಲ್ಲಿ ಯಾರ ತಪ್ಪೂ ಇಲ್ಲ. ಮೀನಿಗೆ ಮಾತ್ರ ಅದು ಕಿವಿರು ಸುಡುತ್ತದೆ. ನಿಮಗೆ ಗೊತ್ತಿರೋದೇ. ಒಂದು ರಾತ್ರಿ ನಿಲ್ಲಿಸಿದರೆ ಕ್ಲೋರಿನ್ ಹಾರಿಹೋಗುತ್ತೆ ಅನ್ನೋದೂ ಗೊತ್ತಿರೋದೇ ಅಲ್ವಾ? ನಾನು ಮುಳುಗಿದ್ದು ಅಲ್ಲೇ.

ಎರಡು ವರ್ಷದ ಹಿಂದಿನ ಮಳೆಗಾಲ. ಡೆಂಗಿ ಭಯಕ್ಕೆ ನಮ್ಮ ಯಜಮಾನರು ಡ್ರಮ್ಮುಗಳಿಗೆಲ್ಲ ಮುಚ್ಚಳ ಬಿಗಿದಿದ್ದರು. ಎರಡು ದಿನ ನಿಂತ ನೀರು, ಇನ್ನೇನು ಭಯ ಅಂತ ಸಂಜೆ ಮೂರು ಡಬ್ಬಕ್ಕೆ ಅರ್ಧಕ್ಕರ್ಧ ಬದಲಾಯಿಸಿ ಮಲಗಿದೆ. ಬೆಳಗ್ಗೆ ಐದಕ್ಕೆ ಮೇಲೆ ಹೋದರೆ ಮೀನೆಲ್ಲ ಮೇಲಕ್ಕೆ ಬಂದು ಬಾಯಿ ಬಡಿಯುತ್ತಿವೆ. ಬಾಲಗಳು ಮಡಚಿದ ಕೊಡೆ ಹಾಗೆ ಮುದುಡಿವೆ. ಮಧ್ಯಾಹ್ನದೊಳಗೆ 180 ಚಿಲ್ಲರೆ ಹೋದವು. ಜೋಡಿ 60 ರೂಪಾಯಿಯ ಮಾಲು, ನೀವೇ ಲೆಕ್ಕ ಹಾಕಿ. ಅದರ ಮೇಲೆ ರೋಗ ಅಂದುಕೊಂಡು ಔಷಧಿಗೆ ಸುರಿದಿದ್ದು ಒಂದೂವರೆ ಸಾವಿರ ಬೇರೆ.

ಆಮೇಲೆ ಒಬ್ಬರು ಹೇಳಿದರು ಅಂತ ಓಟಿ ಕಿಟ್ ತಂದೆ, ನೀರಲ್ಲಿ ಕ್ಲೋರಿನ್ ಇದ್ದರೆ ಹಳದಿ ಬಣ್ಣ ತೋರಿಸುವ ಹನಿ ಅದು. ಅದೇ ಡ್ರಮ್ಮಿನ ತಳದಲ್ಲಿ ಉಳಿದಿದ್ದ ನೀರಿಗೆ ಹನಿ ಹಾಕಿದೆ, ನಿಂಬೆ ಪಾನಕದ ಬಣ್ಣ ಬಂತು! ಮುಚ್ಚಳ ಬಿಗಿದರೆ ಕ್ಲೋರಿನ್ ಹೋಗೋದಾದರೂ ಎಲ್ಲಿಗೆ? ಈಗ ಮುಚ್ಚಳದ ಬದಲು ಹಳೇ ಪಂಚೆ ಕಟ್ಟುತ್ತೇನೆ. ಸೊಳ್ಳೆ ಬರಲ್ಲ, ಗಾಳಿ ಆಡುತ್ತೆ. ಒಳಗೆ ಗಾಳಿ ಗುಳ್ಳೆ ಬಿಡುವ ಏರ್ ಸ್ಟೋನ್ ರಾತ್ರಿಯಿಡೀ.

ಅದರ ಜೊತೆ ಹೈಪೋ, ಅಂದರೆ ಕ್ಲೋರಿನ್ ತೆಗೆಯುವ ಸೋಡಿಯಂ ಥಯೋಸಲ್ಫೇಟ್. ಅಂಗಡಿಯಲ್ಲಿ ಸಿಗುವ ಕ್ಲೋರಿನ್ ತೆಗೆಯುವ ನೀಲಿ ದ್ರವದ ಬಾಟಲಿಗೆ ದುಡ್ಡು ಹಾಕಬೇಡಿ, ಹರಳೇ ತನ್ನಿ. ನಾನು ತಂದ ಒಂದು ಕಿಲೋ ನೂರು ಚಿಲ್ಲರೆ ಇತ್ತು, ಇನ್ನೂ ಅರ್ಧ ಉಳಿದಿದೆ. ಲೀಟರ್ ನೀರಿಗೆ 100 ಗ್ರಾಂ ಕರಗಿಸಿ ಇಟ್ಟುಕೊಳ್ಳುತ್ತೇನೆ, ಡ್ರಮ್ಮಿಗೆ 15 ಎಂಎಲ್. ಹಾಕಿದ ಮೇಲೆ ಒಂದು ಲೋಟ ನೀರು ಬೇರೆ ತೆಗೆದು ಓಟಿ ಹನಿ ಹಾಕಿ ನೋಡಿ. ಹಳದಿ ಬಂದರೆ ಇನ್ನೂ 5 ಎಂಎಲ್. ಮಳೆ ಜೋರಾದಾಗ 25ರವರೆಗೂ ಹೋಗಿದ್ದೇನೆ. ಪರೀಕ್ಷೆ ಮಾಡಿದ ನೀರು ಮಾತ್ರ ಮೋರಿಗೆ, ಡಬ್ಬಕ್ಕಲ್ಲ.

ಇಷ್ಟು ಮಾಡಿದರೂ ಇನ್ನೊಂದು ಸಲ ಪೆಟ್ಟು ತಿಂದೆ. ಫಿಲ್ಟರ್ ಸ್ಪಂಜನ್ನು ನಲ್ಲಿ ಕೆಳಗೆ ಹಿಡಿದು ಪಾತ್ರೆ ಉಜ್ಜಿದ ಹಾಗೆ ಉಜ್ಜಿ ತೊಳೆದೆ. ನೀರು ಫಳಫಳ. ನಾಲ್ಕನೇ ದಿನಕ್ಕೆ ಸಾವು ಶುರು. ಮೀನಿನ ಗಲೀಜಿನಿಂದ ಬರುವ ವಿಷ ಅಮೋನಿಯಾವನ್ನು ಕರಗಿಸುತ್ತಿದ್ದ ಸ್ಪಂಜಿನ ಬ್ಯಾಕ್ಟೀರಿಯಾ ಕ್ಲೋರಿನ್‌ಗೆ ಸತ್ತು ಅಮೋನಿಯಾ ಏರಿತ್ತು. ಈಗ ಡಬ್ಬದಿಂದ ತೆಗೆದ ಹಳೇ ನೀರಲ್ಲೇ ಎರಡು ಸಲ ಹಿಂಡಿ ಹಾಕುತ್ತೇನೆ, ಅಷ್ಟೇ.

ಹೈಪೋ ಬದಲು ವಿಟಮಿನ್ ಸಿ ಮಾತ್ರೆಯನ್ನೂ ನೋಡಿದೆ. ಅದೂ ಕ್ಲೋರಿನ್ ತೆಗೆಯುತ್ತೆ, ಸುಳ್ಳಲ್ಲ. ಆದರೆ ಮಗನ ಚಪ್ಪರಿಸುವ ಮಾತ್ರೆ ಹಾಕಿದ್ದೆ, ಅದರಲ್ಲಿ ಸಕ್ಕರೆ. ಮಾರನೆ ದಿನ ನೀರು ಅಕ್ಕಿ ತೊಳೆದ ಹಾಗೆ. ಆಟ ಸಾಕಾಯ್ತು.

ಜಾಸ್ತಿ ತಲೆ ಕೆಡಿಸಿದ್ದು ಬೋರ್ ನೀರು. ನಲ್ಲಿ ಬಾರದ ವಾರ ಅದನ್ನೇ ಸುರಿಯುತ್ತಿದ್ದೆ. ಕ್ಲೋರಿನ್ ಇಲ್ಲ ನಿಜ, ಆದರೆ ನನ್ನ ಮೀಟರಲ್ಲಿ ಟಿಡಿಎಸ್ (ನೀರಲ್ಲಿ ಕರಗಿದ ಲವಣದ ಅಳತೆ) 1100, ನಲ್ಲಿದು 280ರ ಸುತ್ತ. ವಾರ ವಾರ ಹೀಗೆ ಏರಿಳಿದರೆ ಮೀನು ತಡೆಯುತ್ತಾ? ಈಗ ಯಾವಾಗಲೂ ಮೂರು ಪಾಲು ನಲ್ಲಿ, ಒಂದು ಪಾಲು ಬೋರ್. 500ರ ಆಸುಪಾಸು ನಿಲ್ಲುತ್ತೆ. ಗಪ್ಪಿಗೆ ಸ್ವಲ್ಪ ಗಡಸು ನೀರು ಇಷ್ಟವೇ. ಬೋರ್ ನೀರಿಗೂ ರಾತ್ರಿ ಗಾಳಿ ಕೊಡಲೇಬೇಕು, ಕೊಳವೆಯಿಂದ ಬಂದ ಹಸಿ ನೀರಲ್ಲಿ ಆಮ್ಲಜನಕ ಕಮ್ಮಿ. ಮರಿಗಳ ಡಬ್ಬಕ್ಕೆ ಬೇರೆ ಅಳತೆ, ಜೊತೆಗೆ ಒಂದು ಎಲೆ. ಬಾದಾಮಿ ಎಲೆ ಅಂತ ಊಹಿಸುತ್ತಿದ್ದೀರಿ, ಅದಲ್ಲ. ಅದು ನನ್ನ ಹತ್ತಿರವೇ ಇರಲಿ, ಅಂಗಡಿಯವರಿಗೂ ಹೇಳಿಲ್ಲ.

ಕಳೆದ ಆರು ತಿಂಗಳಲ್ಲಿ ಸತ್ತಿದ್ದು ಇಪ್ಪತ್ತೋ ಇಪ್ಪತ್ತೈದೋ. ಅದರಲ್ಲೂ ನಾಲ್ಕು ಕಾಗೆ ಪಾಲು. ಈಗ ಏಂಜೆಲ್ ಮೀನಿನ ಮೇಲೆ ಕಣ್ಣು ಬಿದ್ದಿದೆ, ಒಂದು ಜೋಡಿ ಇಟ್ಟಿದ್ದೇನೆ. ಎರಡು ಸಲ ಮೊಟ್ಟೆ ಇಟ್ಟವು, ಎರಡು ಸಲವೂ ಬೆಳ್ಳಗಾಗಿ ಹೋದವು. ಮೂರನೇ ಸಲಕ್ಕೆ ಬೋರ್ ಬಿಟ್ಟು ಬರೀ ನಲ್ಲಿ ನೀರು ಹಾಕಿ ಇಟ್ಟಿದ್ದೇನೆ. ನಿನ್ನೆಯಿಂದ ಎರಡೂ ಮೀನು ಮೊಟ್ಟೆ ಇಡಲು ಪೈಪಿನ ಪಕ್ಕದ ಗಾಜನ್ನು ಬಾಯಲ್ಲಿ ತಿಕ್ಕಿ ತಿಕ್ಕಿ ಶುಚಿ ಮಾಡುತ್ತಿವೆ.